ಕಾಡಿನ ನಡುವೆ ವಿಹಾರಗ್ರಾಮ

ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರವನ್ನು ದಾಟಿದ ಮೇಲೆ, ಬಾಗೇಪಲ್ಲಿಯನ್ನು ಮುಟ್ಟುವ ಮುನ್ನ, ಪೆರೇಸಂದ್ರವೆಂಬ ಊರು ಸಿಗುತ್ತದೆ. ಗುಡಿಬಂಡೆಗೆ ಹೋಗುವವರು ಇಲ್ಲಿಯೇ ದಾರಿ ಬದಲಿಸುತ್ತಾರೆ. ಸುತ್ತಮುತ್ತ ಬೋಳು ಬಂಡೆಗಳ ಗುಡ್ಡಗಳು, ರಾಗಿ ಮತ್ತು ನೆಲಗಡಲೆಯ ಹೊಲಗಳು, ಅಲ್ಲೊಂದು ಇಲ್ಲೊಂದು ದ್ರಾಕ್ಷಿಯ ತೋಟ. ವರ್ಷವಿಡೀ ತುಂಬಿ ಹರಿಯುವ ಹೊಳೆಯೆಂಬುದು ಈ ಸೀಮೆಯಲ್ಲಿಲ್ಲ. ಹೊಳೆಯಿಲ್ಲದ ನಾಡಿನ ಹಿರಿಯರು ಮಳೆಯ ನೀರಿಗೆ ಅಡ್ಡಲಾಗಿ ಏರಿ ಕಟ್ಟಿ, ನಿಂತ ನೀರಿಗೆ ಅಭಿಮಾನದಿಂದ ‘ಸಮುದ್ರ’ವೆಂದು ಹೆಸರಿಟ್ಟರು. ಆ ಸಮುದ್ರವೇ ಜನರ ಬಾಯಲ್ಲಿ ಸವೆದು ‘ಸಂದ್ರ’ವಾಗಿ ಈ ಕಡೆಯ ಎಷ್ಟೋ ಊರುಗಳ ಹೆಸರಿನ ತುದಿಯಲ್ಲಿ ಉಳಿದಿದೆಯೆಂದು ಬಲ್ಲವರು ಹೇಳುತ್ತಾರೆ.

ಇಂತಹ ಊರಿನ ಸಂಸಾರವೊಂದು ಬೇಸಗೆಯ ರಜೆಯಲ್ಲಿ ಕಾಡಾನೆ ನೋಡಲು ಹೊರಟಿತೆನ್ನಿ. ಬೆಂಗಳೂರು, ಮೈಸೂರುಗಳನ್ನು ಹಿಂದಿಕ್ಕಿ, ಹೆಗ್ಗಡದೇವನಕೋಟೆ, ಹ್ಯಾಂಡ್‌ಪೋಸ್ಟ್, ಅಂತರಸಂತೆಗಳನ್ನು ಕಳೆದು, ಸುಮಾರು 300 ಕಿಲೋಮೀಟರುಗಳ ಪ್ರಯಾಣ ಮುಗಿದಾಗ ಅವರೆದುರಿಗೆ ಬೇರೆಯದೇ ಒಂದು ಲೋಕ ತೆರೆದುಕೊಳ್ಳುತ್ತದೆ. ಕಣ್ಣು ಹಾಯುವಷ್ಟು ದೂರಕ್ಕೂ ಹರಡಿದ ಕಪಿಲೆಯ ನೀರು; ಆಚೆಯ ದಡದಲ್ಲಿ ಕಾಡಿನ ಕಪ್ಪು ಅಂಚು; ಈಚೆಯ ದಡದಲ್ಲಿ ದೊಡ್ಡ ದೊಡ್ಡ ಮರಗಳ ಕೆಳಗೆ ಹೆಂಚಿನ ಮನೆಗಳ ಪುಟ್ಟದೊಂದು ಊರು. ಊರೆಂದರೆ ಊರೇ. ಆದರೆ ಇಲ್ಲಿ ದನದ ಕೊಟ್ಟಿಗೆಯಿಲ್ಲ, ಕಣವಿಲ್ಲ, ಪಂಚಾಯಿತಿಯ ಕಟ್ಟೆಯಿಲ್ಲ. ಇಲ್ಲಿನ ವಾಸಿಗಳೆಲ್ಲ ಎರಡು ದಿನಕ್ಕೊಮ್ಮೆ ಬದಲಾಗುವ ಅತಿಥಿಗಳು. ಇದೇ ಕಾರಾಪುರದ ಕಬಿನಿ ರಿವರ್ ಲಾಡ್ಜ್. ನಾಗರಹೊಳೆಯ ಅಭಯಾರಣ್ಯದ ಹೊಸ್ತಿಲಲ್ಲಿ ಕುಳಿತ ವಿಹಾರಗ್ರಾಮ.

ಕಾಡನ್ನು ನೋಡಲು ಹೋದವರು ಅಲ್ಲಿ ಎಲ್ಲಿ ಮಲಗಬೇಕು, ಯಾರ ಅಪ್ಪಣೆ ಪಡೆಯಬೇಕು, ಆ ಕಾಡಿನಲ್ಲಿ ಮೊದಲೇ ಮನೆ ಮಾಡಿಕೊಂಡಿದ್ದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗಳು ಮೇಲುನೋಟಕ್ಕೆ ಚಿಕ್ಕವು. ಆದರೆ ಈ ಪ್ರಶ್ನೆಗಳಿಗಾಗಿ ಸರ್ಕಾರಗಳು ಕಾನೂನು ಮಾಡಿವೆ, ನ್ಯಾಯಾಲಯಗಳು ತೀರ್ಪು ಕೊಟ್ಟಿವೆ, ಸಾವಿರಾರು ಸಂಸಾರಗಳು ನೆಲೆ ಕಳೆದುಕೊಂಡಿವೆ.

ಆಫ್ರಿಕದ ಮೇಲ್ಪಂಕ್ತಿ

ಅಭಯಾರಣ್ಯದೊಳಗೆ ಊರು ಕಟ್ಟಿ ಅತಿಥಿಗಳನ್ನು ಕರೆಯುವ ಪದ್ಧತಿ ಬೆಳೆದು ಬಲಿತದ್ದು ಆಫ್ರಿಕ ಖಂಡದಲ್ಲಿ. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾದುದು 1926ರಲ್ಲಿ. ಮರುವರ್ಷ ಪ್ರವಾಸಿಗಳಿಗೆ ಬಾಗಿಲು ತೆರೆದಾಗ ಒಳಹೊಕ್ಕ ಮೋಟಾರು ಕಾರುಗಳು ಮೂರೇ ಮೂರು. ಇಂದು ಅಲ್ಲಿ ಹುಲ್ಲುಹೊದಿಕೆಯ ದುಂಡು ಮನೆಗಳ ಅನೇಕ ತಂಗುದಾಣಗಳಿವೆ. ಅವುಗಳಲ್ಲಿ ಅತಿ ದೊಡ್ಡದಾದ ಸ್ಕುಕೂಜಾ ಒಂದು ಪಟ್ಟಣವೇ ಸರಿ. ಅಂಗಡಿ, ಉಪಾಹಾರಗೃಹ, ಪೆಟ್ರೋಲ್ ಬಂಕು, ಗಾಲ್ಫ್ ಆಟದ ಮೈದಾನ, ವಿಮಾನ ನಿಲ್ದಾಣ ಎಲ್ಲವೂ ಅಲ್ಲುಂಟು. ಕ್ರೂಗರ್ ಉದ್ಯಾನದ ವಿಸ್ತಾರ ಸುಮಾರು 19,500 ಚದರ ಕಿಲೋಮೀಟರ್. ನಾಗರಹೊಳೆಯ 643 ಚದರ ಕಿಲೋಮೀಟರಿಗೆ ಹೋಲಿಸಿದರೆ ಮೂವತ್ತು ಪಟ್ಟು. ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಪಟ್ಟಣ ಅಡಗಿಕೊಳ್ಳಬಹುದು.

ಈ ಸ್ಕುಕೂಜಾ ಎಂಬ ಹೆಸರಿಗೆ ಒಂದು ಕಥೆಯಿದೆ. ಅದು ಮರದ ಹೆಸರಲ್ಲ, ಹೊಳೆಯ ಹೆಸರೂ ಅಲ್ಲ. ಒಬ್ಬ ಮನುಷ್ಯನ ಅಡ್ಡಹೆಸರು. 1902ರಲ್ಲಿ ಆ ಕಾಡಿಗೆ ರಕ್ಷಣಾಧಿಕಾರಿಯಾಗಿ ಬಂದ ಜೇಮ್ಸ್ ಸ್ಟೀವನ್‌ಸನ್ ಹ್ಯಾಮಿಲ್ಟನ್ ಕಳ್ಳಬೇಟೆಗಾರರನ್ನು ಅಡಗಿಸಿದನು. ಅದರೊಂದಿಗೆ ಅಲ್ಲಿ ವಾಸವಾಗಿದ್ದ ಜನರನ್ನೂ ಹೊರಗೆ ಸಾಗಿಸಿದನು. ಆ ಜನ ತಮ್ಮ ಮಾತಿನಲ್ಲಿ ಅವನಿಗಿಟ್ಟ ಹೆಸರು ಸ್ಕುಕೂಜಾ. ಗುಡಿಸಿ ಹಾಕುವವನು ಎಂದು ಅದರ ಅರ್ಥ. ಮುಂದೆ ಅದೇ ಹೆಸರನ್ನು ಗೌರವದಿಂದ ತಂಗುದಾಣಕ್ಕೆ ಇಡಲಾಯಿತು. ಅಲ್ಲಿ ಕುಳಿತು ಕಾಫಿ ಕುಡಿಯುವ ಪ್ರವಾಸಿಗಳಲ್ಲಿ ಈ ಅರ್ಥವನ್ನು ಬಲ್ಲವರು ಎಷ್ಟು ಮಂದಿಯೋ!

ಪೂರ್ವ ಆಫ್ರಿಕದ ಕೀನ್ಯಾದಲ್ಲಿ 1932ರಲ್ಲಿ ಅತ್ತಿಯ ಜಾತಿಯ ದೊಡ್ಡ ಮರವೊಂದರ ಮೇಲೆ ‘ಟ್ರೀಟಾಪ್ಸ್’ ಎಂಬ ಅತಿಥಿಗೃಹವನ್ನು ಕಟ್ಟಿದರು. ರಾತ್ರಿ ನೀರಿಗೆ ಬರುವ ಆನೆ, ಘೇಂಡಾಮೃಗಗಳನ್ನು ಮೇಲಿನಿಂದಲೇ ನೋಡಬಹುದಾಗಿತ್ತು. 1952ರ ಫೆಬ್ರವರಿ 5ರ ರಾತ್ರಿ ಅಲ್ಲಿ ತಂಗಿದ್ದ ಬ್ರಿಟಿಷ್ ರಾಜಕುಮಾರಿ ಎಲಿಜಬೆತ್, ತಂದೆ ಆರನೆಯ ಜಾರ್ಜ್ ಸ್ಯಾಂಡ್ರಿಂಗ್‌ಹ್ಯಾಮಿನಲ್ಲಿ ತೀರಿಕೊಂಡದ್ದರಿಂದ ಬೆಳಗಾಗುವುದರೊಳಗೆ ರಾಣಿಯಾಗಿದ್ದಳು. ನರಭಕ್ಷಕಗಳ ಬೇಟೆಗಾರನೆಂದು ನಮ್ಮಲ್ಲಿ ಹೆಸರಾದ ಜಿಮ್ ಕಾರ್ಬೆಟ್ ಕೂಡ ಆಗ ಅಲ್ಲಿದ್ದನು. ಎರಡು ವರ್ಷಗಳ ಬಳಿಕ, ತಮ್ಮ ನೆಲಕ್ಕಾಗಿ ಆಂಗ್ಲರ ವಿರುದ್ಧ ಎದ್ದ ಮೌ ಮೌ ಹೋರಾಟಗಾರರು ಆ ಮನೆಗೆ ಬೆಂಕಿಯಿಟ್ಟರು. ಮರದ ಮೇಲಿನ ಸುಖನಿವಾಸಕ್ಕೂ ಮರದ ಕೆಳಗಿನ ನೆಲದ ವ್ಯಾಜ್ಯಕ್ಕೂ ಸಂಬಂಧವಿರುವುದನ್ನು ಆ ಬೆಂಕಿ ಜಗತ್ತಿಗೆ ತೋರಿಸಿತು. 1957ರಲ್ಲಿ ಅದನ್ನು ಪುನಃ ಕಟ್ಟಿದರು.

ಕಾಕನಕೋಟೆಯ ಖೆಡ್ಡಾ

ಇತ್ತ ಕಾರಾಪುರದ ಕಥೆಯೂ ರಾಜರಿಂದಲೇ ಆರಂಭವಾಗುತ್ತದೆ. ಇಂದಿನ ಲಾಡ್ಜಿನ ಆವರಣದಲ್ಲಿರುವ ಹಳೆಯ ಬಂಗಲೆಗಳು ಮೈಸೂರಿನ ಮಹಾರಾಜರು ಬೇಟೆಗೆಂದು ಬಂದಾಗ ತಂಗುತ್ತಿದ್ದ, ವೈಸರಾಯರಂತಹ ಅತಿಥಿಗಳನ್ನು ಇಳಿಸುತ್ತಿದ್ದ ಮನೆಗಳು. ಆ ದೊಡ್ಡ ಅತಿಥಿಗಳಿಗೆ ಇಲ್ಲಿ ತೋರಿಸುತ್ತಿದ್ದ ವಿಶೇಷವೆಂದರೆ ಕಾಕನಕೋಟೆಯ ಖೆಡ್ಡಾ.

ಖೆಡ್ಡಾ ಎಂದರೆ ಕಾಡಾನೆಗಳ ಹಿಂಡನ್ನೇ ಸುತ್ತುವರಿದು ಹಿಡಿಯುವ ವಿಧಾನ. ಮೈಸೂರು ಸಂಸ್ಥಾನದಲ್ಲಿ ಇದನ್ನು ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ನೆಲೆಗೊಳಿಸಿದವನು ಜಿ. ಪಿ. ಸ್ಯಾಂಡರ್‌ಸನ್ ಎಂಬ ಅಧಿಕಾರಿ. ಹಿಂಡು ಎಲ್ಲಿದೆಯೆಂದು ಹೆಜ್ಜೆ ನೋಡಿ ಹೇಳಬೇಕಾದವರು ಕಾಡಿನ ಕುರುಬರು. ಅವರು ತೋರಿದ ಜಾಡಿನಲ್ಲಿ ನೂರಾರು ಜನ ತಮಟೆ ಬಡಿಯುತ್ತ, ಕೂಗುತ್ತ, ಅಲ್ಲಲ್ಲಿ ಬೆಂಕಿ ಹಾಕುತ್ತ, ದಿನಗಟ್ಟಲೆ ತಾಳ್ಮೆಯಿಂದ ಹಿಂಡನ್ನು ಹೊಳೆಯ ಕಡೆಗೆ ತಳ್ಳಿಕೊಂಡು ಬರುವರು. ಆನೆಗಳು ಕಪಿಲೆಯನ್ನು ಈಜಿ ದಡ ಹತ್ತಿದೊಡನೆ ಮರದ ದಿಮ್ಮಿಗಳಿಂದ ಕಟ್ಟಿದ ದೊಡ್ಡಿಯೊಳಗೆ ನುಗ್ಗುತ್ತಿದ್ದವು. ಬಾಗಿಲು ಕೆಳಕ್ಕೆ ಬೀಳುತ್ತಿತ್ತು. ಅನಂತರ ಪಳಗಿದ ಕುಮ್ಕಿ ಆನೆಗಳ ಮೇಲೆ ಮಾವುತರು ಒಳಹೊಕ್ಕು ಒಂದೊಂದನ್ನೇ ಹಗ್ಗದಲ್ಲಿ ಬಿಗಿಯುತ್ತಿದ್ದರು. ದಡದಲ್ಲಿ ಕಟ್ಟಿದ ಅಟ್ಟಣೆಗಳಲ್ಲಿ ಕುಳಿತು ಗಣ್ಯರು ಇದನ್ನು ನೋಡುತ್ತಿದ್ದರು.

ಅವರ ಪಾಲಿಗೆ ಅದೊಂದು ಅದ್ಭುತ ದೃಶ್ಯ. ಹಿಡಿದ ಆನೆಗೆ ಮಾತ್ರ ಅದು ಹುಟ್ಟಿದ ಕಾಡಿನ ಕೊನೆಯ ನೋಟ. ಮೈಸೂರು ದಸರೆಯ ಜಂಬೂ ಸವಾರಿಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿಯನ್ನು ಹೊತ್ತು ಮನೆಮಾತಾದ ಅರ್ಜುನ 1968ರಲ್ಲಿ ಸೆರೆಯಾದುದು ಇದೇ ಕಾಕನಕೋಟೆಯಲ್ಲಿ. ಅವನು ಬಹುಕಾಲ ಇದ್ದುದೂ ಹತ್ತಿರದ ಬಳ್ಳೆಯ ಆನೆ ಶಿಬಿರದಲ್ಲಿಯೇ. 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಯಸಳೂರು ಕಾಡಿನಲ್ಲಿ ಒಂಟಿ ಸಲಗವನ್ನು ಹಿಡಿಯುವ ಕಾರ್ಯಾಚರಣೆಯ ವೇಳೆ ಆ ಸಲಗದ ದಂತಕ್ಕೆ ಸಿಕ್ಕಿ ಅವನು ಪ್ರಾಣಬಿಟ್ಟಾಗ ನಾಡಿನ ಮನೆಮನೆಯಲ್ಲಿಯೂ ಜನ ಮರುಗಿದರು.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದುದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬೀಚನಹಳ್ಳಿ, ಬಿದರಹಳ್ಳಿಗಳ ನಡುವೆ ಕಪಿಲೆಗೆ ಅಣೆಕಟ್ಟು ಎದ್ದಿತು. 19.52 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯದ ಹಿನ್ನೀರು ಖೆಡ್ಡಾದ ಜಾಗವನ್ನೂ, ಹಳ್ಳಿಗಳನ್ನೂ, ಬಿದಿರಿನ ಮೆಳೆಗಳನ್ನೂ ಒಟ್ಟಿಗೆ ನುಂಗಿತು. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಓದಿದವರಿಗೆ, ಅದೇ ಹೆಸರಿನ 1977ರ ಚಲನಚಿತ್ರವನ್ನು ನೋಡಿದವರಿಗೆ ಕಾಡುಕುರುಬರ ನೆಲೆಯೆಂದು ಪರಿಚಿತವಾದ ಆ ಸೀಮೆಯ ಭೂಪಟವೇ ಹೀಗೆ ಬದಲಾಯಿತು.

ಹಿನ್ನೀರಿನ ಅತಿಥಿಗಳು

ಮುಳುಗಡೆಯಿಂದ ಒಂದು ಅನಿರೀಕ್ಷಿತ ಫಲವೂ ಉಂಟಾಯಿತು. ಬೇಸಗೆ ಬಂದು ಕಾಡಿನ ಹಳ್ಳಗಳು ಬತ್ತಿದಾಗ ಹಿನ್ನೀರೂ ಮೆಲ್ಲಮೆಲ್ಲನೆ ಇಳಿಯುತ್ತದೆ. ನೀರು ಹಿಂದೆ ಸರಿದ ತೇವದ ನೆಲದ ಮೇಲೆ ಎಳೆಯ ಹುಲ್ಲು ಚಿಗುರುತ್ತದೆ. ಬೆಳೆದ ಆನೆಗೆ ದಿನವೊಂದಕ್ಕೆ ಸುಮಾರು 150 ಕಿಲೋಗ್ರಾಂ ಮೇವು, ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಎರಡೂ ಒಂದೇ ಕಡೆ ಸಿಗುವಾಗ ಅದು ಬೇರೆಲ್ಲಿಗೆ ಹೋದೀತು? ನಾಗರಹೊಳೆ, ಬಂಡೀಪುರ, ವಯನಾಡು ಕಾಡುಗಳ ಹಿಂಡುಗಳು ಮಾರ್ಚಿಯಿಂದ ಮೇ ತಿಂಗಳವರೆಗೆ ಇಲ್ಲಿಗೆ ನಡೆದುಬರುತ್ತವೆ. ಹಿರಿಯ ಹೆಣ್ಣಾನೆಯ ಮುಂದಾಳುತನದಲ್ಲಿ, ಮರಿಗಳನ್ನು ಕಾಲುಗಳ ನಡುವೆ ಇಟ್ಟುಕೊಂಡು, ಸಂಜೆಯ ಬಿಸಿಲಿನಲ್ಲಿ ಹಿಂಡು ಹಿಂಡಾಗಿ ದಡಕ್ಕಿಳಿಯುವ ಆನೆಗಳ ಈ ಮೇಳ ಏಷ್ಯದಲ್ಲಿಯೇ ಅತಿ ದೊಡ್ಡವುಗಳಲ್ಲೊಂದು ಎನಿಸಿದೆ.

ಈ ದೃಶ್ಯವನ್ನು ತೋರಿಸುವ ಸಲುವಾಗಿಯೇ ರಾಜ್ಯ ಸರ್ಕಾರ 1980ರಲ್ಲಿ ಜಂಗಲ್ ಲಾಡ್ಜಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ನೇಪಾಳದ ಚಿತ್ವಾನ್ ಕಾಡಿನಲ್ಲಿ ಹೆಸರು ಮಾಡಿದ್ದ ಟೈಗರ್ ಟಾಪ್ಸ್ ಕಂಪನಿ ಆಗ ಪಾಲುದಾರನಾಗಿತ್ತು. 1987ರಲ್ಲಿ ಆ ಪಾಲನ್ನೂ ಸರ್ಕಾರವೇ ಕೊಂಡಿತು. ಮಹಾರಾಜರ ಬಂಗಲೆಗಳನ್ನು ದುರಸ್ತು ಮಾಡಿ, ಸುತ್ತ ಹೊಸ ಮನೆಗಳನ್ನು ಕಟ್ಟಿ, ಕಾರಾಪುರದ ವಿಹಾರಗ್ರಾಮ ತಲೆಯೆತ್ತಿತು.

ಇದಕ್ಕೆ ಜೀವ ತುಂಬಿದವರಲ್ಲಿ ಮೊದಲು ನೆನೆಯಬೇಕಾದವರು ಕರ್ನಲ್ ಜಾನ್ ಫೆಲಿಕ್ಸ್ ವೇಕ್‌ಫೀಲ್ಡ್. 1916ರಲ್ಲಿ ಬಿಹಾರದ ಗಯೆಯಲ್ಲಿ ಹುಟ್ಟಿದ ಈ ಆಂಗ್ಲರು ಎಳವೆಯಿಂದಲೂ ಬೇಟೆಗಾರರು, ಸೈನಿಕರು. ಅರವತ್ತು ದಾಟಿದ ಮೇಲೆ ಕಾರಾಪುರಕ್ಕೆ ಬಂದು ಬಂದೂಕಿನ ಹವ್ಯಾಸವನ್ನು ಬಿಟ್ಟು ಕಾಡನ್ನು ಕಾಯುವ ಮಾತಾಡತೊಡಗಿದರು. ಲಾಡ್ಜಿನ ಆಳುಕಾಳುಗಳಿಗೂ ಅತಿಥಿಗಳಿಗೂ ಅವರು ‘ಪಾಪಾ’. 2010ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೂ ಅವರು ಆ ದಡವನ್ನು ಬಿಟ್ಟು ಕದಲಲಿಲ್ಲ.

ಇಲ್ಲಿನ ದಿನಚರಿ ಸರಳ. ಮಧ್ಯಾಹ್ನ ಬಂದಿಳಿದವರಿಗೆ ‘ಗೋಲ್ ಘರ್’ ಎಂಬ ದುಂಡನೆಯ ಊಟದ ಚಾವಡಿಯಲ್ಲಿ ಊಟ. ಹೊತ್ತು ಇಳಿದಂತೆ ತೆರೆದ ಜೀಪಿನಲ್ಲೋ ದೋಣಿಯಲ್ಲೋ ಸವಾರಿ. ರಾತ್ರಿ ವನ್ಯಜೀವಿಗಳ ಚಲನಚಿತ್ರ. ಮರುದಿನ ಇನ್ನೂ ಮಬ್ಬು ಇರುವಾಗಲೇ ಚಹಾ, ಮತ್ತೊಂದು ಸವಾರಿ, ಉಪಾಹಾರ, ಊರಿಗೆ ಪ್ರಯಾಣ. ಸವಾರಿಯಲ್ಲಿ ಜಿಂಕೆ, ಕಡವೆ, ಕಾಟಿ, ಮುಸುವ ಇವು ಸಾಮಾನ್ಯವಾಗಿ ಕಂಡೇ ಕಾಣುತ್ತವೆ. ಸೀಳುನಾಯಿಯ ಗುಂಪು ಕಂಡರೆ ಅದೃಷ್ಟ. ಹುಲಿಯನ್ನು ಕಂಡವರು ಊರಿಗೆ ಮರಳಿ ವರ್ಷವಿಡೀ ಹೇಳಿಕೊಳ್ಳುತ್ತಾರೆ; ಕಾಣದವರು ಮಾರ್ಗದರ್ಶಿಯ ಮೇಲೆ ಮುನಿಸಿಕೊಳ್ಳುತ್ತಾರೆ. ಕೆಲವು ವರ್ಷಗಳ ಹಿಂದೆ ಇಲ್ಲಿ ಕರಿಚಿರತೆಯೊಂದು ಕಾಣಿಸಿಕೊಂಡಾಗಲಂತೂ ದೇಶವಿದೇಶಗಳ ಛಾಯಾಗ್ರಾಹಕರು ದಂಡು ಕಟ್ಟಿ ಬಂದರು.

ಗಮನಿಸತಕ್ಕ ಒಂದು ಸಂಗತಿಯೆಂದರೆ ಲಾಡ್ಜಿನ ಮನೆಗಳು ಕಾಡಿನ ಒಡಲಿನಲ್ಲಿಲ್ಲ, ಅಂಚಿನಲ್ಲಿವೆ. ಅತಿಥಿಗಳು ಗೊತ್ತಾದ ಹೊತ್ತಿಗೆ, ಗೊತ್ತಾದ ವಾಹನದಲ್ಲಿ, ಗೊತ್ತಾದ ದಾರಿಯಲ್ಲಿ ಒಳಹೋಗಿ ಕತ್ತಲಾಗುವ ಮುನ್ನ ಹೊರಬರಬೇಕು. ಒಳಗೆ ಇಳಿಯುವಂತಿಲ್ಲ, ಕೂಗುವಂತಿಲ್ಲ, ಕಸ ಚೆಲ್ಲುವಂತಿಲ್ಲ. ಆದರೆ ಲಾಡ್ಜಿನ ಯಶಸ್ಸನ್ನು ಕಂಡು ಹಿನ್ನೀರಿನ ದಡದಲ್ಲಿ ಖಾಸಗಿ ರೆಸಾರ್ಟುಗಳು ಒಂದರ ಬಳಿಕ ಒಂದು ಎದ್ದವು. ಆನೆ ನೀರಿಗಿಳಿಯುವ ದಾರಿಗೂ ಮನುಷ್ಯರ ಬೇಲಿಗೂ ದೂರ ಕಡಿಮೆಯಾಗುತ್ತ ಬಂತು.

ಹಾಡಿಯ ಜನ

ಅತಿಥಿಗಳ ಕಥೆ ಇಷ್ಟಾಯಿತು. ಮನೆಯವರ ಕಥೆ ಬೇರೆ.

ನಾಗರಹೊಳೆಯ ಕಾಡಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಜನ ತಲೆಮಾರುಗಳಿಂದ ಹಾಡಿಗಳಲ್ಲಿ ಬಾಳಿದವರು. ಹಾಡಿಯೆಂದರೆ ಹತ್ತಿಪ್ಪತ್ತು ಗುಡಿಸಲುಗಳ ಗುಂಪು. ಹತ್ತಿರದಲ್ಲೊಂದು ನೀರಿನ ಆಸರೆ, ಸತ್ತವರನ್ನು ಹುಗಿದ ಜಾಗ, ದೇವರ ನೆಲೆ. ಎತ್ತರದ ಮರದಲ್ಲಿ ಕಟ್ಟಿದ ಹೆಜ್ಜೇನನ್ನು ರಾತ್ರಿಯ ಕತ್ತಲಲ್ಲಿ ಇಳಿಸುವುದು, ಗೆಡ್ಡೆ ಗೆಣಸುಗಳನ್ನು ಅಗೆಯುವುದು, ಸೀಗೆ ಅಂಟುವಾಳಗಳನ್ನು ಆಯುವುದು ಅವರ ಬದುಕು. ಖೆಡ್ಡಾ ನಡೆದುದು ಇವರ ಕಣ್ಣು ಕಿವಿಗಳ ಬಲದಿಂದ. ಇಂದಿಗೂ ಆನೆ ಶಿಬಿರಗಳಲ್ಲಿ ಮಾವುತರು, ಕಾವಾಡಿಗಳು ಬಹುಮಟ್ಟಿಗೆ ಇವರೇ.

1955ರಲ್ಲಿ ನಾಗರಹೊಳೆ ಅಭಯಾರಣ್ಯವೆಂದು ಘೋಷಿತವಾಯಿತು. ಮುಂದೆ ಅದು ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನ ರಕ್ಷಣೆ ಬಿಗಿಯಾಯಿತು. ಅದರಿಂದಾದ ಲಾಭವನ್ನು ಮರೆಮಾಚುವಂತಿಲ್ಲ. ಕೆ. ಎಂ. ಚಿಣ್ಣಪ್ಪನವರಂತಹ ಅರಣ್ಯಾಧಿಕಾರಿಗಳು ಜೀವದ ಹಂಗು ತೊರೆದು ಕಳ್ಳಬೇಟೆಯನ್ನು ತಡೆದರು. ಉಲ್ಲಾಸ ಕಾರಂತರು 1990ರಿಂದ ಇಲ್ಲಿಯ ಹುಲಿಗಳಿಗೆ ರೇಡಿಯೋ ಪಟ್ಟಿ ತೊಡಿಸಿ ಅವುಗಳ ಓಡಾಟವನ್ನು ಅಭ್ಯಸಿಸಿದರು. ಈ ಕಾವಲು ಇಲ್ಲದಿದ್ದರೆ ಇಂದು ಪೆರೇಸಂದ್ರದ ಮಕ್ಕಳು ನೋಡಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

ಆದರೆ ಕಾವಲಿನ ಬೆಲೆಯನ್ನು ತೆತ್ತವರು ಹಾಡಿಯ ಜನ. ಬೇಸಾಯ ನಿಂತಿತು, ಕಿರು ಉತ್ಪನ್ನ ಸಂಗ್ರಹಕ್ಕೆ ತಡೆ ಬಂತು, ಹಾಡಿಗಳು ಒಂದೊಂದಾಗಿ ತೆರವಾದವು. ಕೆಲವರನ್ನು ಹುಣಸೂರು ತಾಲೂಕಿನ ನಾಗಪುರದಂತಹ ಪುನರ್ವಸತಿ ಕೇಂದ್ರಗಳಿಗೆ ಒಯ್ದು ಮನೆ, ಜಮೀನು ಕೊಟ್ಟರು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನುಮನೆಗಳಲ್ಲಿ ಕೂಲಿಗಳಾದರು. ಈ ವಿಚಾರ ಹೈಕೋರ್ಟಿನ ಮುಂದೆ ಬಂದಾಗ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರ ನೇತೃತ್ವದ ಸಮಿತಿ ಹಾಡಿ ಹಾಡಿಗೂ ಹೋಗಿ ಲೆಕ್ಕ ಹಾಕಿತು. 2014ರ ಅದರ ವರದಿಯಂತೆ ಕಾಡಿನಿಂದ ಹೊರಬಿದ್ದ ಕುಟುಂಬಗಳು 3,418.

ಮೂರ್ಕಲ್ಲಿನ ಪಾಠ

ಹುಣಸೂರಿನ ಕಡೆಯ ವೀರನಹೊಸಹಳ್ಳಿಯಿಂದ ನಾಗರಹೊಳೆಗೆ ಹೋಗುವ ಕಾಡುದಾರಿಯಲ್ಲಿ ಮೂರ್ಕಲ್ ಎಂಬ ಸ್ಥಳವಿದೆ. ಕಾರಾಪುರದಂತೆ ಇದು ಕಾಡಿನ ಅಂಚಲ್ಲ, ಒಡಲು. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಸರ್ಕಾರ ಇಲ್ಲಿನ ಜಾಗವನ್ನೂ ಕಟ್ಟಡಗಳನ್ನೂ ತಾಜ್ ಸಮೂಹದ ಗೇಟ್‌ವೇ ಹೋಟೆಲ್ಸ್ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಸಿರಿವಂತ ಪ್ರವಾಸಿಗಳಿಗೆಂದು ಅಭಯಾರಣ್ಯದ ನಡುವೆಯೇ ವಿಹಾರಧಾಮವೊಂದನ್ನು ನಡೆಸುವುದು ಉದ್ದೇಶ.

ಹಾಡಿಯ ಜನಕ್ಕೆ ಇದು ಅರ್ಥವಾಗಲಿಲ್ಲ. ಸೌದೆಯ ಹೊರೆ ತಂದರೆ ತಪ್ಪು, ಜೇನು ಇಳಿಸಿದರೆ ತಪ್ಪು, ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದರೂ ತಪ್ಪು ಎಂದ ಕಾಡಿನಲ್ಲಿ ಹೋಟೆಲಿನ ಕಟ್ಟಡ ಏಳುವುದು ಮಾತ್ರ ಹೇಗೆ ಸರಿ? ಪ್ರಶ್ನೆ ಸರಳವಾಗಿತ್ತು, ಸರಳವಾದ್ದರಿಂದಲೇ ಅದಕ್ಕೆ ಉತ್ತರ ಹೇಳುವುದು ಕಷ್ಟವಾಗಿತ್ತು. ಆದಿವಾಸಿಗಳು ಮೆರವಣಿಗೆ ನಡೆಸಿದರು, ದಾರಿಗೆ ಅಡ್ಡ ಕುಳಿತರು. ‘ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ’ಯ ಹೆಸರಿನಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು.

1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ತೀರ್ಪು ಕೊಟ್ಟಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಕೊಡಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಅದಿಲ್ಲದೆ ಕೊಟ್ಟ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ನ್ಯಾಯಾಲಯ ಹೇಳಿತು. ಮೂರ್ಕಲ್ಲಿನ ವಿಹಾರಧಾಮ ಬಾಗಿಲು ತೆರೆಯಲೇ ಇಲ್ಲ. ಅಕ್ಷರ ಬಾರದ ಜನರೆಂದು ಪಟ್ಟಣಿಗರು ಎಣಿಸಿದ್ದವರು ಅರಣ್ಯ ಕಾನೂನಿನ ಅಕ್ಷರವನ್ನೇ ಹಿಡಿದು ಕಾಡನ್ನು ಉಳಿಸಿಕೊಂಡರು. ಹುಲಿಯ ಪರವಾಗಿ ವಾದಿಸುವವರೂ ಹಾಡಿಯ ಪರವಾಗಿ ವಾದಿಸುವವರೂ ಬೇರೆಲ್ಲ ವಿಷಯಗಳಲ್ಲಿ ಜಗಳವಾಡಿದರೂ, ಕಾಡಿನ ಒಡಲಲ್ಲಿ ಹೋಟೆಲು ಬೇಡವೆಂಬ ಈ ಒಂದು ಮಾತಿನಲ್ಲಿ ಒಂದೇ ಕಡೆ ನಿಲ್ಲಬೇಕಾಯಿತು.

ಮುಂದಿನ ವರ್ಷಗಳು ಈ ತೀರ್ಪಿನ ದಾರಿಯಲ್ಲಿಯೇ ಸಾಗಿದವು. ಕಾರಾಪುರಕ್ಕೆ ಮಾದರಿಯಾಗಿದ್ದ ನೇಪಾಳದ ಚಿತ್ವಾನ್ ಉದ್ಯಾನದಲ್ಲಿ 2012ರಲ್ಲಿ ಅಲ್ಲಿನ ಸರ್ಕಾರ ಪರವಾನಗಿಯನ್ನು ನವೀಕರಿಸದೆ ಟೈಗರ್ ಟಾಪ್ಸ್ ಸೇರಿ ಏಳು ಹೋಟೆಲುಗಳನ್ನು ಕಾಡಿನ ಹೊರಕ್ಕೆ ಕಳುಹಿಸಿತು. ಅದೇ ವರ್ಷದ ಜುಲೈನಲ್ಲಿ ಭಾರತದ ಸುಪ್ರೀಂ ಕೋರ್ಟು ಹುಲಿ ಅಭಯಾರಣ್ಯಗಳ ಒಡಲಲ್ಲಿ ಪ್ರವಾಸವನ್ನು ತಾತ್ಕಾಲಿಕವಾಗಿ ತಡೆಯಿತು. ಅಕ್ಟೋಬರಿನಲ್ಲಿ ತಡೆ ತೆರವಾಯಿತಾದರೂ ಅದರೊಂದಿಗೆ ಹೊಸ ನಿಯಮಗಳೂ ಬಂದವು. ಒಡಲಿನ ಶೇಕಡಾ 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸಬಾರದು, ಅಲ್ಲಿ ಪ್ರವಾಸಿಗಳಿಗೆಂದು ಹೊಸ ಕಟ್ಟಡ ಏಳಬಾರದು ಎಂಬುದು ಅವುಗಳ ಸಾರ.

ಮರಳಿ ಬಂದ ನೆಲ

ಕಾಡಿನವರನ್ನು ಗುಡಿಸಿ ಹಾಕಿದ ಕ್ರೂಗರ್ ಉದ್ಯಾನದಲ್ಲಿಯೇ ಬೇರೊಂದು ದಾರಿಯೂ ಕಾಣಿಸಿತು. ಅದರ ಉತ್ತರದ ಮೂಲೆಯಲ್ಲಿ, ಎರಡು ಹೊಳೆಗಳ ನಡುವೆ, ಮಕುಲೇಕೆ ಎಂಬ ಜನ ಬಾಳುತ್ತಿದ್ದರು. 1969ರಲ್ಲಿ ವರ್ಣಭೇದದ ಸರ್ಕಾರ ಅವರನ್ನು ಬಲವಂತದಿಂದ ಎಬ್ಬಿಸಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ಸರ್ಕಾರ ಬದಲಾದ ಮೇಲೆ ಅವರು ತಮ್ಮ ಹಕ್ಕನ್ನು ಕೇಳಿದರು. 1998ರಲ್ಲಿ ಸುಮಾರು 24,000 ಹೆಕ್ಟೇರು ನೆಲ ಅವರಿಗೆ ಮರಳಿತು.

ನೆಲ ಕೈಗೆ ಬಂದೊಡನೆ ಅವರು ಮರ ಕಡಿದು ಹೊಲ ಮಾಡಬಹುದೆಂದು ಹೆದರಿದವರಿದ್ದರು. ಅವರು ಹಾಗೆ ಮಾಡಲಿಲ್ಲ. ನೆಲ ತಮ್ಮದು, ಆದರೆ ಕಾಡು ಕಾಡಾಗಿಯೇ ಉಳಿಯಲಿ ಎಂದು ಉದ್ಯಾನದೊಡನೆ ಒಪ್ಪಂದ ಮಾಡಿಕೊಂಡರು. ಅಲ್ಲಿ ಅತಿಥಿಗೃಹ ನಡೆಸುವ ಕಂಪನಿಗಳು ಈಗ ಬಾಡಿಗೆ ಕೊಡಬೇಕಾದುದು ಆ ಜನಕ್ಕೆ. ಕೆಲಸ ಸಿಗುವುದು ಅವರ ಮಕ್ಕಳಿಗೆ. ವಿಹಾರಗ್ರಾಮವೂ ಇದೆ, ಆನೆಯೂ ಇದೆ, ಹಳೆಯ ಊರಿನವರ ಯಜಮಾನಿಕೆಯೂ ಇದೆ. ಆ ನಾಡಿನಲ್ಲಿಯೂ ಎಲ್ಲವೂ ಸುಸೂತ್ರವೆಂದು ಹೇಳಲಾಗದು. ಆದರೂ ಅತಿಥಿ ಬರಬೇಕಾದರೆ ಮನೆಯವನು ಹೊರಟುಹೋಗಬೇಕೆಂಬ ನಿಯಮ ದೈವನಿಯಮವೇನೂ ಅಲ್ಲವೆಂಬುದನ್ನು ಮಕುಲೇಕೆಯ ಜನ ತೋರಿಸಿಕೊಟ್ಟರು.

ನಮ್ಮ ದೇಶದಲ್ಲಿಯೂ 2006ರ ಅರಣ್ಯ ಹಕ್ಕು ಕಾಯಿದೆ ಕಾಡಿನವರ ಹಕ್ಕನ್ನು ಕಾಗದದಲ್ಲಿ ಒಪ್ಪಿಕೊಂಡಿದೆ. ಆ ಕಾಗದವನ್ನು ನಂಬಿ 2025ರ ಮೇ ತಿಂಗಳಿನಲ್ಲಿ 52 ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಗುಡಿಸಲು ಹಾಕಿದವು. ಇದು ತಮ್ಮ ಹಿರಿಯರ ಜಾಗವೆಂದು ಅವರು. ಹಕ್ಕು ಇನ್ನೂ ಸಿದ್ಧವಾಗಿಲ್ಲವೆಂದು ಇಲಾಖೆ.

ಅದೇ ವರ್ಷದ ಕೊನೆಯಲ್ಲಿ ಕಾಡಿನ ಅಂಚಿನ ಬದುಕು ಮತ್ತೊಂದು ಮುಖವನ್ನು ತೋರಿಸಿತು. ಸರಗೂರು ತಾಲೂಕಿನ ಹೊಲಗಳಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದರು. ಪ್ರವಾಸಿಗಳ ವಾಹನಗಳ ಗದ್ದಲದಿಂದಲೂ ರೆಸಾರ್ಟುಗಳ ದೀಪಗಳಿಂದಲೂ ಹುಲಿಗಳು ಕಾಡು ಬಿಟ್ಟು ಹೊಲಕ್ಕೆ ಬರುತ್ತಿವೆಯೆಂದು ಹಳ್ಳಿಗರು ಸಿಟ್ಟಾದರು. ನವೆಂಬರಿನಲ್ಲಿ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ಅರಣ್ಯದ ಸಿಬ್ಬಂದಿಯನ್ನೂ ವಾಹನಗಳನ್ನೂ ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಸಫಾರಿಯೇ ದಾಳಿಗೆ ಕಾರಣವೋ ಅಲ್ಲವೋ ಎಂಬುದನ್ನು ವಿಜ್ಞಾನಿಗಳು ಚರ್ಚಿಸಲಿ. ಆದರೆ ಗಂಡನನ್ನು ಕಳೆದುಕೊಂಡ ರೈತನ ಹೆಂಡತಿಗೆ ಹತ್ತಿರದಲ್ಲಿಯೇ ನಡೆಯುವ ಜೀಪಿನ ಸವಾರಿ, ದೀಪಾಲಂಕಾರ, ಔತಣ ಇವು ಹೇಗೆ ಕಂಡಾವು ಎಂಬುದನ್ನು ತಿಳಿಯಲು ವಿಜ್ಞಾನ ಬೇಕಿಲ್ಲ.

ಅತಿಥಿಯ ಧರ್ಮ

ಹಾಗಾದರೆ ಪೆರೇಸಂದ್ರದ ಆ ಸಂಸಾರ ಕಾಡಿಗೆ ಹೋಗಲೇಬಾರದೇ? ಹೋಗಬೇಕು. ಬಯಲುಸೀಮೆಯ ಮಗುವೊಂದು ತಾಯಾನೆಯ ಕಾಲ ಸಂದಿನಿಂದ ಇಣುಕುವ ಮರಿಯನ್ನು ಒಮ್ಮೆ ಕಂಡರೆ, ದೊಡ್ಡದಾದ ಮೇಲೆ ಕಾಡು ಕಡಿಯುವ ಕಾಗದಕ್ಕೆ ಸುಲಭವಾಗಿ ಸಹಿ ಹಾಕಲಾರದು. ಪ್ರವಾಸಿಗಳ ಹಣದಿಂದ ಸಂಬಳ ಪಡೆಯುವ ಚಾಲಕರು, ಮಾರ್ಗದರ್ಶಿಗಳು, ಅಡುಗೆಯವರು ಆ ತಾಲೂಕಿನ ಹಳ್ಳಿಗಳಲ್ಲಿದ್ದಾರೆ. ಅವರ ಒಲೆ ಉರಿಯುವುದೂ ಮುಖ್ಯ.

ಹೋಗುವವರು ಅತಿಥಿಯ ಧರ್ಮವನ್ನು ತಿಳಿದು ಹೋದರೆ ಸಾಕು. ಕಾಡಿನ ಒಡಲಲ್ಲಿ ಅಲ್ಲ, ಅಂಚಿನಲ್ಲಿ ತಂಗಬೇಕು. ಹುಲಿ ಕಾಣಲಿಲ್ಲವೆಂದು ಚಾಲಕನನ್ನು ಕಾಡಿಸಿ ಜೀಪನ್ನು ಪ್ರಾಣಿಯ ಬಳಿಗೆ ನುಗ್ಗಿಸಬಾರದು. ಆನೆಯ ದಾರಿಗೆ ಅಡ್ಡವಾಗಿ ಎದ್ದ ಕಟ್ಟಡದಲ್ಲಿ, ಎಷ್ಟೇ ಸೊಗಸಾಗಿರಲಿ, ಇಳಿದುಕೊಳ್ಳಬಾರದು. ಜೀಪಿನ ಮಾರ್ಗದರ್ಶಿಯೋ ಆನೆಯ ಕಾವಾಡಿಯೋ ಹಾಡಿಯವನಾಗಿದ್ದರೆ, ಹುಲಿಯೆಲ್ಲಿ ಎಂದು ಕೇಳುವ ಮೊದಲು ನಿಮ್ಮ ಹಾಡಿ ಎಲ್ಲಿ ಎಂದು ಕೇಳಬೇಕು. ಆ ಒಂದು ಪ್ರಶ್ನೆಗೆ ಅವನು ಹೇಳುವ ಉತ್ತರದಲ್ಲಿ ಯಾವ ಚಲನಚಿತ್ರದಲ್ಲಿಯೂ ಇಲ್ಲದಷ್ಟು ಕಾಡು ಇರುತ್ತದೆ.

ಹೊಳೆಯಿಲ್ಲದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆರೆ ಕಟ್ಟಿದವರ ಹೆಸರು ಅಳಿದರೂ ಅವರ ‘ಸಮುದ್ರ’ ಊರಿನ ಹೆಸರಿನಲ್ಲಿ ಉಳಿದಿದೆ. ಕಾಡಿನ ಹಾಡಿಗಳ ಹೆಸರುಗಳೂ ಹಾಗೆಯೇ ಉಳಿಯಬೇಕು. ಹೆಸರಿನೊಂದಿಗೆ ಅಲ್ಲಿ ಬಾಳಿದ ಜನಕ್ಕೆ ನಿಲ್ಲಲು ನೆಲವೂ ಉಳಿಯಬೇಕು. ಸಂಜೆಯ ಹೊತ್ತು ಕಾರಾಪುರದ ದಡದಲ್ಲಿ ಕುಳಿತು ಆಚೆ ದಡದ ಆನೆಗಳನ್ನು ಎಣಿಸುವ ಮಕ್ಕಳಿಗೆ ಹಿರಿಯರು ಇಷ್ಟನ್ನಾದರೂ ಹೇಳಿ ಕರೆತರಲಿ.